ಎರಡು ಡಬ್ಬಿಯ ಎಳ್ಳು

ಮನೆಗೆಲಸದ ಅಂಜನಮ್ಮ ಅಡುಗೆಮನೆಯ ಮೂಲೆಯಲ್ಲಿ ಕೂತು ಕೊಬ್ಬರಿಯ ಕಪ್ಪು ಸಿಪ್ಪೆ ಹೆರೆಯುತ್ತಿದ್ದಳು. ಬಿಳಿ ಕೊಬ್ಬರಿ ಸಣ್ಣಗೆ ಹೆಚ್ಚಿ ಹಿತ್ತಾಳೆ ಡಬ್ಬಿಗೆ. ಹೆರೆದ ಸಿಪ್ಪೆ ತಗಡಿನ ಡಬ್ಬಿಗೆ. ಹಿತ್ತಾಳೆಯದರಲ್ಲಿ ಬಿಳಿ ಎಳ್ಳು, ಹುರಿಗಡಲೆ, ಅಚ್ಚುಬೆಲ್ಲ, ಗಾಂಧಿಬಜಾರಿನಿಂದ ತಂದ ಜೀರಿಗೆ ಮಿಠಾಯಿ. ತಗಡಿನದರಲ್ಲಿ ಹಳೆಯ ಎಳ್ಳು, ಮುಗ್ಗಲು ಕಡಲೆಕಾಯಿ ಬೀಜ, ಕರಿಬೆಲ್ಲದ ಪುಡಿ, ಈ ಸಿಪ್ಪೆ. ಜಯನಗರದ ಆ ಹೊಸ ಮನೆಗೆ ಸಂಕ್ರಾಂತಿ ಬರುತ್ತಿದ್ದುದೇ ಎರಡು ಡಬ್ಬಿಯಲ್ಲಿ.

ಮನೆಯೊಡತಿ ಉಮಾಮಹೇಶ್ವರಿ ಮಗಳು ಸರಸ್ವತಿಯ ಜೊತೆ ಎಳ್ಳು ಬೀರಲು ಹೊರಟು ನಿಂತಿದ್ದರು.

"ಬಂದೋರ ಸೀರೆ ನೋಡ್ಕೊಂಡು ಕೊಡೇ ಅಂಜನಾ. ರೇಷ್ಮೆ ಉಟ್ಟೋರ್ನ ಒಳಗೆ ಕೂರಿಸಿ ಹಿತ್ತಾಳೆ ಡಬ್ಬೀದು, ಮೇಲೊಂದು ಸಕ್ಕರೆ ಅಚ್ಚು. ನೂಲಿನ ಸೀರೆಯೋರಿಗೆ ಜಗಲೀಲೇ ತಗಡಿನ ಡಬ್ಬೀದು. ನಾಲ್ಕನೇ ಕ್ಲಾಸಿಗೇ ಸ್ಕೂಲ್ ಬಿಟ್ಟೋಳು, ನಿನ್ನ ತಲೆ ಓಡಿಸ್ಬೇಡ. ಹೇಳಿದಷ್ಟು ಮಾಡು."

"ಹೂಂ," ಎಂದಳು ಅಂಜನಮ್ಮ.

ಹೋದ ವರ್ಷ ಇದೇ ಹಬ್ಬಕ್ಕೆ ಅವಳ ತಾಯಿ ಸೊಣ್ಣಮ್ಮ ಸುದ್ದಗುಂಟೆಪಾಳ್ಯದಿಂದ ನಡೆದು ಬಂದು, ತನ್ನ ಕೈಯಾರೆ ಬೆರೆಸಿದ ಎಳ್ಳನ್ನು ಪಾತ್ರೆಯಲ್ಲಿ ಕೊಟ್ಟಿದ್ದಳು. "ಬಾ ಸೊಣ್ಣಮ್ಮ," ಎಂದು ನಗುತ್ತಲೇ ಇಸಿದುಕೊಂಡ ಉಮಾಮಹೇಶ್ವರಿ, ಅವಳು ಗೇಟು ದಾಟುವ ಮೊದಲೇ ಅದನ್ನು ಹಸುವಿನ ಕಲಗಚ್ಚಿನ ಬಕೆಟ್ಟಿಗೆ ಸುರಿದರು. "ಕೂಲಿಯೋರ ಎಳ್ಳು ನಮ್ಮ ಹಲ್ಲಿಗೆ ಆಗೋದಲ್ಲ." ಪಾತ್ರೆ ಮರೆತೆನೆಂದು ತಿರುಗಿ ಬಂದ ಸೊಣ್ಣಮ್ಮ ನೋಡಿದಳು. ಖಾಲಿ ಪಾತ್ರೆ ಸೆರಗಿನಲ್ಲಿ ಮುಚ್ಚಿಕೊಂಡು ಹೋದವಳು ಈ ವರ್ಷ ಎಳ್ಳು ಹುರಿಯಲೇ ಇಲ್ಲ. ಅಂಜನಮ್ಮ ಆ ದಿನದಿಂದ ಹೊತ್ತು ಕಾಯುತ್ತಿದ್ದಳು.

ಸಂಜೆ ಐದಕ್ಕೆ ಗೇಟು ಸದ್ದಾಯಿತು. ಒಗೆದೂ ಒಗೆದೂ ಮೆತ್ತಗಾದ ಖಾದಿ ಸೀರೆ, ಹಣೆಗೆ ವಿಭೂತಿ, ಎಡಗೆನ್ನೆಯ ಮೇಲೆ ಕಡಲೆಕಾಳಿನಷ್ಟು ಮಚ್ಚೆ. ಆ ಮಚ್ಚೆಯನ್ನು ಅಂಜನಮ್ಮ ಗುರುತು ಹಿಡಿದಳು. ಸರಸ್ವತಿಯನ್ನು ನೋಡಲು ಭಾನುವಾರ ಬರಬೇಕಾಗಿದ್ದ ಗಂಡಿನ ತಾಯಿ, ಸರ್ವಮಂಗಳಮ್ಮ! ಗಂಡಿನವರು ಕಳಿಸಿದ್ದ ಮನೆಮಂದಿಯ ಫೋಟೋದ ಧೂಳನ್ನು ಅಂಜನಮ್ಮ ದಿನಾ ಒರೆಸುತ್ತಿದ್ದಳು. ಉಮಾಮಹೇಶ್ವರಿ ಆ ಫೋಟೋದಲ್ಲಿ ನೋಡಿದ್ದು ಹುಡುಗನನ್ನು, ಹಿಂದಿದ್ದ ಮಹಡಿಯನ್ನು, ಅಷ್ಟೇ.

"ಮನೇಲಿ ಯಾರೂ ಇಲ್ವೇನಮ್ಮ? ಇಲ್ಲೇ ತಂಗಿ ಮನೆಗೆ ಬಂದಿದ್ದೆ. ಹಾಗೇ ನೋಡ್ಕೊಂಡು ಹೋಗೋಣ ಅಂತ ಬಂದೆ."

ಒಳಗೆ ಬನ್ನಿ ಎಂದಿದ್ದರೆ ಸಾಕಿತ್ತು. ಅಂಜನಮ್ಮನ ಕಣ್ಣಿಗೆ ಕಲಗಚ್ಚಿನ ಬಕೆಟ್ಟು ಕಟ್ಟಿತು. ಜಗಲಿಯ ಮೇಲೆ ಚಾಪೆ ಹಾಸಿ, ಹೊಸ್ತಿಲೊಳಗೆ ಹಿತ್ತಾಳೆ ಡಬ್ಬಿಯ ಪಕ್ಕದಲ್ಲಿದ್ದ ತಗಡಿನ ಡಬ್ಬಿಯಿಂದ ಒಂದು ಹಿಡಿ ತೆಗೆದು ಕಾಗದದಲ್ಲಿ ಕೊಟ್ಟಳು.

ಸರ್ವಮಂಗಳಮ್ಮ ಬಾಯಿಗೆ ಹಾಕಿಕೊಂಡರು. ಒಂದು ಕಪ್ಪು ಸಿಪ್ಪೆಯನ್ನು ನಾಲಿಗೆಯಿಂದ ತೆಗೆದು ನೋಡಿದರು.

"ಅಲ್ಲಿರೋ ಹಿತ್ತಾಳೆ ಡಬ್ಬಿ ಯಾರಿಗಮ್ಮ?"

"ರೇಷ್ಮೆ ಉಟ್ಟೋರಿಗೆ. ನೂಲಿನೋರಿಗೆ ಇದು."

"ಯಾರು ಹೇಳಿದ್ದು?"

"ಅಮ್ಮಾವ್ರು." ಅಂಜನಮ್ಮ ತಲೆ ತಗ್ಗಿಸಿದಳು. ಅವಳು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ.

ಸರ್ವಮಂಗಳಮ್ಮ ಎದ್ದು ನಿಂತರು. "ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡ್ಬೇಕಂತೆ. ನನಗೆ ಬರ್ತಿಲ್ಲ, ಅದಕ್ಕೇ ಹೊರಡ್ತೀನಿ. ಗಂಡಿನ ತಾಯಿ ಬಂದಿದ್ರು, ಭಾನುವಾರ ಬರೋದಿಲ್ಲವಂತೆ ಅಂತ ಹೇಳು."

ದೀಪ ಹಚ್ಚುವ ಹೊತ್ತಿಗೆ ಬಂದ ಉಮಾಮಹೇಶ್ವರಿ ಅದನ್ನು ಕೇಳಿ ಕುರ್ಚಿಗೆ ಕುಸಿದರು.

"ಯಾವ ಡಬ್ಬೀದೇ ಕೊಟ್ಟೆ?"

"ಖಾದಿ ಉಟ್ಟಿದ್ರು. ನೀವು ಹೇಳಿದ್ದೇ ಕೊಟ್ಟೆ."

ಸರಸ್ವತಿ ಬಾಗಿಲಿಗೊರಗಿ ಅಳತೊಡಗಿದಳು. ಆ ಹುಡುಗಿಯ ಅಳು ಅಂಜನಮ್ಮನಿಗೆ ಚುಚ್ಚದೇ ಇರಲಿಲ್ಲ. ಆದರೂ ಅವಳು ತನ್ನ ಪಾಲಿನ ಪೊಟ್ಟಣ ತೆಗೆದುಕೊಂಡು ಹಿತ್ತಿಲಿಗೆ ನಡೆದಳು. ಉಮಾಮಹೇಶ್ವರಿ ಹಿಂದೆಯೇ ಬಂದರು.

"ನನ್ನ ತಾಯಲ್ವೇನೇ ಅಂಜನಾ? ಡಬ್ಬಿ ಅದಲುಬದಲಾಯ್ತು, ತಪ್ಪು ನನ್ನದೇ, ಅಮ್ಮಾವ್ರದಲ್ಲ ಅಂತ ನೀನೇ ಹೋಗಿ ಅವರಿಗೆ ಹೇಳ್ಬಿಡೇ."

ಅಂಜನಮ್ಮ ಪೊಟ್ಟಣ ಬಿಚ್ಚಿ, ಎಳ್ಳನ್ನು ನಿಧಾನವಾಗಿ ಕಲಗಚ್ಚಿನ ಬಕೆಟ್ಟಿಗೆ ಸುರಿದಳು.

"ಅಂಜನಾ, ಹೋಗಿ ಬಾರೇ."

"ಕೂಲಿಯೋರ ಮಾತು ಅವರ ಕಿವಿಗೆ ಆಗೋದಲ್ಲ, ಅಮ್ಮಾವ್ರೇ," ಎಂದು ಅಂಜನಮ್ಮ ಗೇಟಿನತ್ತ ನಡೆದಳು.