ಎರಡು ಬೆರಳಿನ ಜಾಗ

ನಾಲ್ಕನೇ ಸಲವೂ ಕೆಂಪು ಬಾವುಟ ಮೇಲೆದ್ದಿತು. ಕುರ್ಚಿಯಲ್ಲಿ ಕೂತು ತಂಗಿ ಎಸೆದ ಕಬ್ಬಿಣದ ಗುಂಡೇನೋ ಒಳ್ಳೆಯ ಜಾಗಕ್ಕೇ ಹೋಗಿ ಬಿದ್ದಿತ್ತು. ಹುಲ್ಲಿನ ಮೇಲೆ ನಿಂತಿದ್ದವರು ಟೇಪು ಹಿಡಿದು ಓಡಿಯೂ ಬಂದಿದ್ದರು. ಆದರೆ ಕುರ್ಚಿಯ ಪಕ್ಕ ಮೊಣಕಾಲೂರಿ, ಕತ್ತು ವಾರೆ ಮಾಡಿಕೊಂಡು ನೋಡುತ್ತಿದ್ದ ತೀರ್ಪುಗಾರ್ತಿ ಆಗದು ಎಂದು ತಲೆಯಾಡಿಸಿದಳು. ಕೂತೇ ಎಸೆಯಬೇಕು, ಎಸೆಯುವಾಗ ಸೀಟಿನಿಂದ ಕೂದಲೆಳೆಯಷ್ಟೂ ಮೇಲೇಳಬಾರದು. ಎದ್ದರೆ ಎಷ್ಟು ದೂರ ಎಸೆದರೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆಯೇ.

ಅಣ್ಣ ಕುರ್ಚಿಯ ಹಿಂದೆ ನಿಂತು ತನ್ನ ಕೈ ನೋಡಿಕೊಂಡ. ತಂಗಿಯ ತೊಡೆಗೆ ಬೆಲ್ಟು ಕಟ್ಟಿದ ಕೈ ಅದು. ಲಾರಿ ಸ್ಟ್ಯಾಂಡಿನಲ್ಲಿ ಅವನನ್ನು ಗಂಟಣ್ಣ ಎಂದೇ ಕರೆಯುವುದು. ಅವನು ಹಗ್ಗ ಬಿಗಿದ ಲೋಡು ಎಂಥ ತಿರುವಿನಲ್ಲೂ ಕದಲಿದ್ದಿಲ್ಲ. ಅಂಥವನು ಕಟ್ಟಿದ ಬೆಲ್ಟಿನೊಳಗಿಂದ ಒಂದು ಹಿಡಿ ಹೆಣ್ಣುಮಗಳು ನಾಲ್ಕು ಸಲ ಮೇಲೆದ್ದಳು ಎಂದರೆ ಸ್ಟ್ಯಾಂಡಿನವರು ನಂಬುತ್ತಾರೆಯೇ? ದಿನವೂ ಕಟ್ಟುತ್ತಿದ್ದವರು ಕೋಚ್. ಈ ಪರದೇಶಕ್ಕೆ ಬಂದು ಅವರು ಜ್ವರ ಹತ್ತಿಸಿಕೊಂಡು ಹಾಸ್ಟೆಲಿನಲ್ಲಿ ಮಲಗಿದ್ದರು. "ನೀನಿದ್ದೀಯಲ್ಲಪ್ಪಾ, ನನಗೇನು ಚಿಂತೆ" ಎಂದು ಬೆಳಿಗ್ಗೆ ಕಂಬಳಿಯೊಳಗಿಂದಲೇ ಹೇಳಿ ಕಳಿಸಿದ್ದರು.

ಚಿಂತೆ ಇದ್ದದ್ದು ಇವನಿಗೆ. ಮಹಡಿಯಿಂದ ಬಿದ್ದು ಬೆನ್ನುಮೂಳೆ ಮುರಿದ ಮೇಲೆ ತಂಗಿಗೆ ಸೊಂಟದಿಂದ ಕೆಳಗೆ ಏನೂ ತಿಳಿಯುವುದಿಲ್ಲ. ಹೋದ ವರ್ಷ ಹಾಸಿಗೆಯ ಒಂದು ಸುಕ್ಕು, ಬರೀ ಒಂದು ಸುಕ್ಕು, ತೊಡೆಯಡಿ ಒತ್ತಿ ಹುಣ್ಣಾಗಿ, ಹುಣ್ಣು ಮೂಳೆ ಮುಟ್ಟಿ, ಅವಳು ಉಳಿಯುವುದೇ ಅನುಮಾನ ಎಂಬಲ್ಲಿಗೆ ಹೋಗಿತ್ತು. ತಿಂಗಳುಗಟ್ಟಲೆ ಬೋರಲು ಮಲಗಿದ್ದಳು. ಆ ಹುಣ್ಣು ತೊಳೆದು ಬಟ್ಟೆ ಕಟ್ಟಿದವನು ಅಣ್ಣನೇ. ಅಂದಿನಿಂದ ಅವಳ ಮೈಗೆ ಏನು ಸುತ್ತಿದರೂ ಎರಡು ಬೆರಳು ತೂರುವಷ್ಟು ಜಾಗ ಬಿಡುತ್ತಾನೆ. ಇಂದೂ ಬಿಟ್ಟಿದ್ದ. ಪ್ರತಿ ಕೆಂಪು ಬಾವುಟಕ್ಕೂ ಬಗ್ಗಿ, ಬಿಗಿದಂತೆ ಮಾಡಿ, ಬಕಲ್ಲಿನ ಸದ್ದು ಮಾಡಿಸಿ, ಅಷ್ಟೇ ಜಾಗ ಮತ್ತೆ ಉಳಿಸಿದ್ದ.

"ಇನ್ನು ಎರಡೇ ಎಸೆತ ಇರೋದು ಅಣ್ಣ," ತಂಗಿ ಹಿಂತಿರುಗಿ ನೋಡದೆಯೇ ಹೇಳಿದಳು. "ಬಿಗಿ."

"ಬಿಗಿದೆನಲ್ಲೇ."

"ನನ್ನ ಕಿವಿಗೆ ಹೂ ಇಡಬೇಡ." ಬೆಲ್ಟಿನೊಳಗೆ ತನ್ನ ಬೆರಳು ತೂರಿಸಿ ಆಡಿಸಿ ತೋರಿಸಿದಳು. "ಲೋಡಿಗೆ ಹೀಗೆ ಕಟ್ಟಿದ್ರೆ ಓನರ್ ನಿನ್ನ ಒದ್ದು ಓಡಿಸ್ತಿದ್ದ."

"ನೀನು ಲೋಡಲ್ಲ."

"ಲೋಡಾಗಿದ್ರೆ ಚೆನ್ನಾಗಿತ್ತು. ನೀನು ಸರಿಯಾಗಿ ಕಟ್ಟಿರ್ತಿದ್ದೆ."

ತೀರ್ಪುಗಾರ್ತಿ ಗಡಿಯಾರದ ಕಡೆ ಕೈ ತೋರಿಸಿದಳು. ತಮ್ಮ ಸರದಿ ಮುಗಿಸಿ ಗಾಲಿಕುರ್ಚಿಗಳಲ್ಲಿ ಕೂತಿದ್ದ ಬೇರೆ ಬೇರೆ ದೇಶದ ಹೆಂಗಸರು ಇತ್ತಲೇ ನೋಡುತ್ತಿದ್ದರು. ಅವರೆಲ್ಲರ ಹೆಸರಿನ ಮುಂದೆ ಬೋರ್ಡಿನಲ್ಲಿ ಒಂದೊಂದು ಅಳತೆ ಇತ್ತು.

"ಮತ್ತೆ ಹುಣ್ಣಾದ್ರೆ?" ಅಣ್ಣ ಬೆಲ್ಟಿನ ತುದಿ ಹಿಡಿದುಕೊಂಡೇ ಕೇಳಿದ. "ಹೋದ ಸಲ ಅದನ್ನ ನೀನು ನೋಡಿಲ್ಲ ಕಣೇ. ಹಿಂದುಗಡೆ ಇತ್ತು. ನೋಡಿದ್ದು ನಾನು."

ತಂಗಿಯ ಸಿಟ್ಟು ಜರ್ರನೆ ಇಳಿಯಿತು. ಆ ಮಾತು ಅವನು ಎಂದೂ ಆಡಿರಲಿಲ್ಲ.

"ನೋಡಿದೋನು ನೀನೇ, ಇಲ್ಲ ಅನ್ನಲ್ಲ," ಎಂದಳು ಮೆಲ್ಲಗೆ. "ಆದ್ರೆ ಕಾಲು ನನ್ನದು ಅಣ್ಣ. ನೋವು ಗೊತ್ತಾಗಲ್ಲ ಅಂತ ನಿನ್ನ ಹೆಸರಿಗೇನೂ ಬರೆದುಕೊಟ್ಟಿಲ್ಲ. ಇಷ್ಟು ದೂರ ಬಂದು ಒಂದು ಅಳತೆನೂ ಇಲ್ಲದೆ ನಾನು ಹೋಗಲ್ಲ. ಬಿಗಿ."

ಅವನು ಕೂತ. ಕುರ್ಚಿಯ ಕಬ್ಬಿಣದ ಕಾಲಿಗೆ ಪಾದ ಊರಿ, ಹಗ್ಗ ಎಳೆಯುವ ಹಾಗೆ ಬೆಲ್ಟು ಎಳೆದ. ಬಡಕಲು ತೊಡೆಯೊಳಗೆ ಬೆಲ್ಟು ಹುದುಗಿತು. ಎಷ್ಟು ಬಿಗಿಯಾಯಿತೆಂದು ಅವಳಿಗೆ ತಿಳಿಯುವ ದಾರಿಯೇ ಇರಲಿಲ್ಲ; ಅದಕ್ಕೇ ಅವಳು ಅಣ್ಣನ ಮುಖ ನೋಡುತ್ತಿದ್ದಳು.

"ಇನ್ನೂ."

ಎಳೆದ.

"ಇನ್ನೂ ಸ್ವಲ್ಪ."

ಹಲ್ಲು ಕಚ್ಚಿ ಎಳೆದ. ಅವನ ಕಣ್ಣಲ್ಲಿ ನೀರು ತುಂಬಿದ ಮೇಲೆ "ಸಾಕು" ಎಂದಳು.

ಅವಳು ಗುಂಡನ್ನು ಕತ್ತಿಗೆ ಒತ್ತಿಕೊಂಡು ಉಸಿರೆಳೆದು ಎಸೆದಳು. ದೂರ ಸರಿದು ನಿಂತಿದ್ದ ಅಣ್ಣ ಗುಂಡಿನ ಕಡೆ ನೋಡಲೇ ಇಲ್ಲ. ಅವನ ಕಣ್ಣು ಸೀಟಿನ ಮೇಲೇ ಇತ್ತು. ಸೊಂಟ ಕದಲಲಿಲ್ಲ. ಬಿಳಿ ಬಾವುಟ ಎದ್ದಿತು.

ಬೋರ್ಡಿನಲ್ಲಿ ಅಂಕಿ ಮೂಡಿತು. ಪದಕದ ಮಾತು ಹಾಗಿರಲಿ, ಕೊನೆಯಿಂದ ಎರಡನೆಯ ಜಾಗ. ತಂಗಿ ಅದನ್ನು ಬಾಯಿಬಿಟ್ಟು ಎರಡು ಸಲ ಓದಿದಳು. ಅಷ್ಟರಲ್ಲಿ ಅಣ್ಣ ಓಡಿಬಂದು ಮಂಡಿಯೂರಿ ಬಕಲ್ಲಿಗೆ ಕೈ ಹಾಕಿಯಾಗಿತ್ತು.

"ಬಿಚ್ಚಬೇಡ. ಇನ್ನೊಂದಿದೆ."

ಬೆಲ್ಟಿನ ಅಂಚಿನಲ್ಲಿ ಚರ್ಮ ಬೆಳ್ಳಗಾಗಿತ್ತು. ಅವನು ಅದನ್ನು ನೋಡಿದ. ಆಮೇಲೆ ಬಕಲ್ಲಿನಿಂದ ಕೈ ತೆಗೆದು, ಮೈದಾನದಿಂದ ತಂದಿಟ್ಟ ಗುಂಡನ್ನು ಎತ್ತಿಕೊಂಡು, ಅಂಟಿದ ಹುಲ್ಲನ್ನು ತನ್ನ ಅಂಗಿಗೆ ಒರೆಸಿ, ಅವಳ ಅಂಗೈಯಲ್ಲಿ ಇಟ್ಟ.