ಸ್ಪೀಕರಿಗೊಂದು ಪೆಟ್ಟಿಗೆ

ಮೇಸ್ತ್ರಿ ಪೆಟ್ಟಿಗೆಯನ್ನು ಸೊಂಟದೆತ್ತರಕ್ಕೆ ಎತ್ತಿ ಹಿಡಿದು, ಹೆಂಡತಿ ನೋಡುತ್ತಿದ್ದ ಹಾಗೆಯೇ ಕೈಬಿಟ್ಟ. ಸಿಮೆಂಟಿನ ಅಂಗಳದ ಮೇಲೆ ಅದು ಒಂದು ಮೂಲೆ ಊರಿ ಬಿದ್ದು, ಒಂದು ಸಲ ಹೊರಳಿ, ಮಗ್ಗುಲಾಗಿ ನಿಂತಿತು. ಎದುರುಮನೆಯ ನಾಯಿ ಎದ್ದು ಕೂತು ಬೊಗಳತೊಡಗಿತು.

"ನೋಡು, ಎಲ್ಲಾದ್ರೂ ಬಿಟ್ಕೊಂಡಿದ್ಯಾ?"

ಅವಳು ಬಗ್ಗಿ ಎಂಟು ಮೂಲೆಗಳ ಮೇಲೂ ಬೆರಳಾಡಿಸಿದಳು. "ಕೂದಲೆಳೆಯಷ್ಟೂ ಇಲ್ಲ. ಆದ್ರೆ ರೀ, ಇದನ್ನ ಯಾರು ಎತ್ತಿ ಬಿಸಾಕ್ತಾರೆ?"

"ಯಾರೂ ಬಿಸಾಕಲ್ಲ ಅಂದ್ಕೊಂಡೇ ಎಲ್ಲಾ ಒಡೆಯೋದು" ಎಂದ ಮೇಸ್ತ್ರಿ.

ಅವನು ಗಾಜಿನ ಕಾರ್ಖಾನೆಯೊಂದರಲ್ಲಿ ಪ್ಯಾಕಿಂಗ್ ಮೇಸ್ತ್ರಿ. ಇಪ್ಪತ್ತೊಂಬತ್ತು ವರ್ಷಗಳಿಂದ ಲೋಟ, ಹೂಜಿ, ದೀಪದ ಬುರುಡೆ, ಪ್ರಯೋಗಶಾಲೆಯ ಸಪೂರ ನಳಿಗೆಗಳನ್ನೆಲ್ಲ ಮರದ ಪೆಟ್ಟಿಗೆಗಳಲ್ಲಿ ಇಟ್ಟು ಲಾರಿಗೆ, ಹಡಗಿಗೆ ಹತ್ತಿಸುತ್ತಿದ್ದಾನೆ. ಅವನ ಕೈಯಿಂದ ಹೋದ ಮಾಲು ಒಡೆದು ವಾಪಸು ಬಂದದ್ದಿಲ್ಲ. ಬಂದಿದ್ದರೂ ಅದು ಇನ್ನೊಂದು ಪಾಳಿಯವರದೆಂದು ಅವನು ಸಾಬೀತು ಮಾಡಿ ತೋರಿಸಿದ್ದಾನೆ. ಮುಚ್ಚಿದ ಪೆಟ್ಟಿಗೆಗೆ ಕಿವಿಯಿಟ್ಟು ಒಂದು ಸಲ ಕುಲುಕುತ್ತಾನೆ. ಒಳಗಿನಿಂದ ಟಿಕ್ ಅಂದರೂ ಸಾಕು, ಮೊಳೆ ಕಿತ್ತು ಮೊದಲಿನಿಂದ ತುಂಬಿಸುತ್ತಾನೆ. ಒಳಗಿನದು ಅಲ್ಲಾಡಬಾರದು, ಸದ್ದು ಮಾಡಬಾರದು. ಪೆಟ್ಟಿಗೆಯ ವಿಷಯದಲ್ಲಿ ಅವನಿಗೆ ಗೊತ್ತಿದ್ದ ಶಾಸ್ತ್ರ ಇಷ್ಟೇ, ಮತ್ತು ಇಷ್ಟರಲ್ಲಿ ಅವನನ್ನು ಮೀರಿಸುವವರು ಯಾರೂ ಇರಲಿಲ್ಲ.

ಈಗ ಅವನು ಪೆಟ್ಟಿಗೆ ಮಾಡುತ್ತಿದ್ದದ್ದು ಹೆಂಡತಿಯ ಗಿಟಾರಿನ ಸ್ಪೀಕರಿಗೆ.

ಅವಳದು ಬೇರೆಯೇ ಕಥೆ. ಕಾಲೇಜಿನಲ್ಲಿದ್ದಾಗ ಒಂದು ಗುಂಪಿನ ಜೊತೆ ಗಿಟಾರ್ ನುಡಿಸುತ್ತಿದ್ದಳು. ಮದುವೆಯಾದ ಮೇಲೆ ಕೋಣೆಯ ಬಾಗಿಲು ಹಾಕಿಕೊಂಡು ನುಡಿಸಿದಳು. ಅತ್ತೆ ಮಲಗಿದ್ದಾರೆ, ಮಗಳಿಗೆ ಪರೀಕ್ಷೆ, ಪಕ್ಕದ ಮನೆಯವರಿಗೆ ತಲೆನೋವು ಎಂದು ಒಂದಲ್ಲ ಒಂದು ಕಾರಣಕ್ಕೆ ಇಪ್ಪತ್ತನಾಲ್ಕು ವರ್ಷ ಮೆಲ್ಲಗೇ ನುಡಿಸಿದಳು. ಕೆಲಸ ಆಸ್ಪತ್ರೆಯಲ್ಲಿ, ರಕ್ತ ತೆಗೆಯುವುದು. ಸೂಜಿ ಚುಚ್ಚಿದ್ದೇ ಗೊತ್ತಾಗುವುದಿಲ್ಲವೆಂದು ಜನ ಅವಳ ಪಾಳಿ ಬರುವ ತನಕ ಕಾದು ಕೂರುತ್ತಿದ್ದರು. ಅಂಥವಳು ಹೋದ ವಾರ, ನಲವತ್ತೆಂಟು ದಾಟಿದ ಮೇಲೆ, ಊರಿನ ಸಭಾಂಗಣದಲ್ಲಿ ಭಾನುವಾರ ಸೇರುವ ಹಾಡುಗಾರರ ಗುಂಪಿಗೆ ಗಿಟಾರ್ ನುಡಿಸುವವರು ಬೇಕೆಂಬ ಚೀಟಿ ನೋಡಿ, ಯಾರನ್ನೂ ಕೇಳದೆ ಹೋಗಿ ನಿಂತುಬಿಟ್ಟಳು.

ಆ ಗುಂಪಿನ ಯಜಮಾನಿಕೆ ಡ್ರಮ್ ಬಾರಿಸುವ ಹೆಂಗಸಿನದು. ಶಾಲೆಯ ವ್ಯಾನ್ ಓಡಿಸುವುದರಿಂದ ಎಲ್ಲರ ಬಾಯಲ್ಲೂ ಅವಳು ವ್ಯಾನಮ್ಮ. ಮಾತು ಕಡ್ಡಿ ಮುರಿದಂತೆ. ಮೊದಲ ಭಾನುವಾರ ಗಿಟಾರಿನ ಜೊತೆಗಿದ್ದ ಪುಟ್ಟ ಸ್ಪೀಕರಿನಲ್ಲಿ ನುಡಿಸಿದ್ದನ್ನು ಕೇಳಿ, "ಅಕ್ಕಾ, ನಿಮ್ಮ ಬೆರಳು ನಂಗೆ ಕಾಣಿಸ್ತಿದೆ, ಕೇಳಿಸ್ತಾ ಇಲ್ಲ" ಎಂದಳು. "ಇನ್ನೊಂದು ಭಾನುವಾರ ನೋಡೋಣ. ಆಗ್ಲಿಲ್ಲಾಂದ್ರೆ ಇನ್ನೊಬ್ರು ಕೇಳ್ತಿದಾರೆ, ಅವರಿಗೆ ಬನ್ನಿ ಅಂತೀನಿ. ಬೇಜಾರಿಲ್ಲ ತಾನೇ?"

ಬೇಜಾರಿಲ್ಲ ಎಂದು ಹೇಳಿ ಮನೆಗೆ ಬಂದ ಅವಳು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮೂರನೆಯ ದಿನ ರೇಡಿಯೊ ರಿಪೇರಿಯವನ ಹತ್ತಿರ ಹೋಗಿ ಹನ್ನೆರಡು ಇಂಚಿನ ಹಳೆಯ ಸ್ಪೀಕರನ್ನೂ ಅದಕ್ಕೆ ಹೊಂದುವ ಆಂಪ್ಲಿಫೈಯರನ್ನೂ ತಂದಳು. "ಪೆಟ್ಟಿಗೆ ಮಾತ್ರ ನೀವೇ ಮಾಡಿಸ್ಕೊಳ್ಳಿ" ಎಂದಿದ್ದನಂತೆ ಅವನು.

"ಮಾಡಿಸೋದ್ಯಾಕೆ, ನಾನಿಲ್ವಾ?" ಎಂದ ಮೇಸ್ತ್ರಿ.

"ಹಿಂದ್ಗಡೆ ಅರ್ಧ ತೆರೆದೇ ಬಿಡ್ಬೇಕಂತೆ. ಒಳಗೂ ಏನೂ ತುಂಬಬಾರದಂತೆ. ಸ್ಪೀಕರಿಗೆ ಉಸಿರಾಡೋಕೆ ಜಾಗ ಬೇಕಂತೆ."

"ಉಸಿರಾಡೋಕೆ ಅದೇನು ಕೋಳಿಮರಿನಾ? ರೇಡಿಯೊದವನಿಗೆ ತಂತಿ ಗೊತ್ತು. ಪೆಟ್ಟಿಗೆ ಅವನಿಗೇನು ಗೊತ್ತು?"

ಗಂಡ ತಾನಾಗಿ ಕೈಹಾಕಿದ್ದಕ್ಕೇ ಅವಳಿಗೆ ಖುಷಿಯಾಗಿತ್ತು. ಗಿಟಾರಿನ ವಿಷಯದಲ್ಲಿ ಅವನು ಅಡ್ಡ ಬಂದದ್ದೂ ಇರಲಿಲ್ಲ, ಹತ್ತಿರ ಬಂದದ್ದೂ ಇರಲಿಲ್ಲ.

ಕೆಲಸವಂತೂ ಕಣ್ಣಿಗೆ ಒತ್ತಿಕೊಳ್ಳುವಂತಿತ್ತು. ಬೆರಳು ದಪ್ಪದ ಪ್ಲೈವುಡ್ಡನ್ನು ಅಳೆದು ಕೊಯ್ದು, ಒಳಮೂಲೆಗಳಿಗೆಲ್ಲ ಮರದ ರೀಪು ಕೊಟ್ಟು, ಗೋಂದು ಬಳಿದು ಸ್ಕ್ರೂ ಬಿಗಿದಿದ್ದ. ಮುಂದಿನ ಹಲಗೆಯ ನಡುವೆ ಮೊಳೆ ಹೊಡೆದು, ದಾರ ಕಟ್ಟಿ, ಪೆನ್ಸಿಲ್ ಸುತ್ತಿಸಿ ಗೆರೆ ಎಳೆದ. ಗೆರೆಯ ಮೇಲೆ ಗರಗಸ ಎಷ್ಟು ನಿಗಾದಿಂದ ಹೋಯಿತೆಂದರೆ, ಕೊಯ್ದು ತೆಗೆದ ದುಂಡು ಹಲಗೆಯನ್ನು ಅವಳು ಒಲೆಯ ಪಕ್ಕ ಬಿಸಿ ಪಾತ್ರೆ ಇಡಲು ಎತ್ತಿಟ್ಟುಕೊಂಡಳು.

ಪೆಟ್ಟಿಗೆ ಎತ್ತಿ ಹಾಕಿ ನೋಡಿಯಾದ ಮೇಲೆ ಸ್ಪೀಕರನ್ನು ಒಳಗಿಟ್ಟ. ಆಗ ಮೊದಲ ಸಲ ಅದರ ಬೆನ್ನನ್ನು ಬೆರಳಿಂದ ಮುಟ್ಟಿ ನೋಡಿ ಗಾಬರಿಯಾದ.

"ಇದೇನೇ, ಕಾಗದ ಇದ್ದ ಹಾಗಿದೆ?"

"ಕಾಗದಾನೇ ರೀ. ಅದೇ ಅದುರೋದು."

ಕಾಗದ ಎಂದ ಮೇಲೆ ಅವನ ಕೈಗಳಿಗೆ ಬೇರೆ ಯಾರೂ ಹೇಳಿಕೊಡಬೇಕಾಗಲಿಲ್ಲ. ಅವಳು ಡ್ಯೂಟಿಗೆ ಹೋದಾಗ ಕಾರ್ಖಾನೆಯ ಉಳಿಕೆ ಸ್ಪಂಜನ್ನು ಮೂಟೆಗಟ್ಟಲೆ ತಂದು, ಕತ್ತರಿಸಿ, ಸ್ಪೀಕರಿನ ಹಿಂದೆ, ಪಕ್ಕದಲ್ಲಿ, ಅದರ ಕಬ್ಬಿಣದ ಚೌಕಟ್ಟಿನ ಸಂದುಗಳಲ್ಲಿ, ಕಾಗದಕ್ಕೆ ತಾಗುವ ತನಕ ಒತ್ತಿ ಒತ್ತಿ ತುಂಬಿದ. ಎಲ್ಲೂ ಒಂದು ಬೆರಳು ತೂರುವಷ್ಟು ಜಾಗ ಉಳಿಯಲಿಲ್ಲ. ಮುಂದೆಯೂ ಎರಡು ಬೆರಳು ದಪ್ಪದ ಸ್ಪಂಜು, ಅದರ ಮೇಲೆ ಕಪ್ಪು ಬಟ್ಟೆ, ಬಟ್ಟೆಯ ಮೇಲೆ ಅಡ್ಡಪಟ್ಟಿ. ಕೊನೆಗೆ ಬೆನ್ನಿನ ಹಲಗೆಗೆ ಗೋಂದು ಬಳಿದು, ಸುತ್ತ ಮೊಳೆ ಹೊಡೆದು, ಕಿವಿಯಿಟ್ಟು ಕುಲುಕಿದ. ಒಳಗಿನಿಂದ ಚಕಾರವಿಲ್ಲ. ಅವನಿಗೆ ತೃಪ್ತಿಯಾಯಿತು.

ಶನಿವಾರ ಸಂಜೆ ನಡುಮನೆಯಲ್ಲಿ ತಂತಿ ಸಿಕ್ಕಿಸಿ ನುಡಿಸಿ ನೋಡಿದರು. ನಾದ ಮೆತ್ತಗೆ ಬಂತು.

"ಹಿತವಾಗಿದೆ" ಎಂದ ಅವನು.

"ಸ್ವಲ್ಪ ಕಮ್ಮಿ ಅನ್ಸಲ್ವಾ?"

"ಇಲ್ಲಿ ಜಾಗ ಚಿಕ್ಕದು. ಅಲ್ಲಿ ಹೋದ್ರೆ ಬಿಚ್ಕೊಳ್ಳುತ್ತೆ."

ಗೊತ್ತಿಲ್ಲದ ವಿಷಯದಲ್ಲಿ ಮೇಸ್ತ್ರಿಗೆ ಧೈರ್ಯ ಯಾವಾಗಲೂ ಒಂದು ಕೈ ಹೆಚ್ಚು. ಅವಳು ನಂಬಿದಳು, ನಂಬದೆ ಮಾಡುವುದಕ್ಕಾದರೂ ಏನಿತ್ತು, ಬೆಳಗಾದರೆ ಭಾನುವಾರ.

ಬೆಳಿಗ್ಗೆ ಒಂಬತ್ತಕ್ಕೆ ವ್ಯಾನಮ್ಮ ಬಂದು ಪೆಟ್ಟಿಗೆಯನ್ನು ವ್ಯಾನಿಗೆ ಏರಿಸಲು ಕೈಕೊಟ್ಟಳು, ಉಸ್ಸಪ್ಪಾ ಎಂದಳು. ಸಭಾಂಗಣದಲ್ಲಿ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿ ಗೋಡೆಗೆ ತಳ್ಳಿದ್ದರು. ಔಷಧಿ ಅಂಗಡಿ ಇಟ್ಟಿದ್ದ ಹಾಡುಗಾರ ಪೆಟ್ಟಿಗೆಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಇದ್ರಲ್ಲಿ ಮನುಷ್ಯರನ್ನೇ ಕೂರಿಸಿ ಕಳಿಸ್ಬಹುದು ಮೇಸ್ತ್ರೀ, ಒಂದು ಗಾಯ ಆಗಲ್ಲ" ಎಂದ. ಮೇಸ್ತ್ರಿ ಹಿಂದಿನ ಸಾಲಿಗೆ ಹೋಗಿ, ಒಂದು ಕುರ್ಚಿ ಎಳೆದುಕೊಂಡು, ಕೈಕಟ್ಟಿ ಕೂತ.

ಹಾಡು ಶುರುವಾಯಿತು. ಡ್ರಮ್ ಕೇಳಿಸಿತು, ಹಾಡುಗಾರನ ದನಿ ಕೇಳಿಸಿತು. ಗಿಟಾರ್ ಮಾತ್ರ ಪಕ್ಕದ ಮನೆಯಲ್ಲಿ ಯಾರೋ ಕಂಬಳಿ ಹೊದ್ದು ಗೊಣಗಿದಂತಿತ್ತು. ವ್ಯಾನಮ್ಮ ಬಾರಿಸುತ್ತಲೇ ಗದ್ದ ಎತ್ತಿ ಜೋರು ಎಂದು ಸನ್ನೆ ಮಾಡಿದಳು. ಹೆಂಡತಿ ಆಂಪ್ಲಿಫೈಯರಿನ ತಿರುಪು ತಿರುಗಿಸಿದಳು. ಇನ್ನೂ ಸನ್ನೆ. ಇನ್ನೂ ತಿರುಗಿಸಿದಳು, ಅದು ಕೊನೆ ಮುಟ್ಟಿ ನಿಂತಿತು. ಗೊಣಗಾಟ ಗೊರಕೆಯಾಯಿತೇ ಹೊರತು ಹೊರಗೆ ಬರಲಿಲ್ಲ. ಕೂತಲ್ಲೇ ಮೇಸ್ತ್ರಿಯ ಕಿವಿ ಬಿಸಿಯಾಯಿತು. ಆ ಸದ್ದು ಅವನಿಗೆ ಚೆನ್ನಾಗಿ ಪರಿಚಯದ್ದು. ಸರಿಯಾಗಿ ತುಂಬಿಸಿದ ಪೆಟ್ಟಿಗೆಯ ಸದ್ದು ಅದು.

ವ್ಯಾನಮ್ಮ ಕೋಲುಗಳನ್ನು ಮಡಿಲಲ್ಲಿಟ್ಟುಕೊಂಡಳು. "ಅಕ್ಕಾ, ನಾನು ಮೊದ್ಲೇ ಹೇಳಿದ್ದೆ..."

"ಹೌದಮ್ಮಾ, ಹೇಳಿದ್ರಿ." ಹೆಂಡತಿ ನಕ್ಕಳು. "ಪೆಟ್ಟಿಗೆ ಚೆನ್ನಾಗೇ ಇದೆ. ನನ್ನ ಕೈಯಲ್ಲೇ ಬಲ ಇಲ್ಲ. ವಯಸ್ಸಾಯ್ತಲ್ಲ." ಹೆಗಲ ಪಟ್ಟಿ ಬಿಚ್ಚಲು ಕೈ ಹಿಂದಕ್ಕೆ ಹಾಕಿದಳು.

ಆ ನಗುವನ್ನು ಮೇಸ್ತ್ರಿ ಬಲ್ಲ. ಅತ್ತೆ ಮಲಗಿದ್ದಾರೆ ಎಂದಾಗಲೆಲ್ಲ ಗಿಟಾರನ್ನು ಗೋಡೆಗೆ ಒರಗಿಸುತ್ತ ಅವಳು ನಗುತ್ತಿದ್ದದ್ದು ಹೀಗೆಯೇ. ಬಲವಿಲ್ಲದ ಕೈಯಂತೆ. ದಿನಕ್ಕೆ ಎಂಬತ್ತು ಜನರ ನರ ಹುಡುಕುವ ಕೈ ಅದು. ಗಂಡನ ಮಾನ ಉಳಿಸಲು ಅವಳು ನಾಲ್ಕು ಜನರೆದುರು ಸುಳ್ಳು ಹೇಳುತ್ತಿದ್ದಾಳೆ, ತಾನು ಬಾಯಿ ಮುಚ್ಚಿಕೊಂಡು ಕೂತರೆ ಮಾನ ಉಳಿಯುತ್ತದೆ ಕೂಡ. ಅವನಿಗೆ ತುಂಬ ನಾಚಿಕೆಯಾಯಿತು.

"ಬಿಚ್ಬೇಡ ಅದನ್ನ" ಎನ್ನುತ್ತ ಎದ್ದು ಮುಂದೆ ಬಂದ. "ಅವಳ ಕೈಗೇನೂ ಆಗಿಲ್ಲ. ತಪ್ಪು ನಂದು. ರೇಡಿಯೊದವನು ಹೇಳಿ ಕಳಿಸಿದ್ದ, ನಾನು ಕೇಳ್ಲಿಲ್ಲ. ಸ್ಪೀಕರಿಗೆ ಪೆಟ್ಟಿಗೆ ಮಾಡೋ ಬದಲು ಸ್ಪೀಕರನ್ನ ಪ್ಯಾಕ್ ಮಾಡ್ಬಿಟ್ಟಿದೀನಿ."

"ಹೋಗ್ಲಿ ಬಿಡ್ರಿ, ಮನೆಗೆ ಹೋಗಿ ನೋಡೋಣ" ಎಂದಳು ಹೆಂಡತಿ, ಮೆಲ್ಲಗೆ.

"ಮನೆಗೆ ಹೋದ್ರೆ ಭಾನುವಾರ ಮುಗೀತು." ಅವನು ವ್ಯಾನಮ್ಮನ ಕಡೆ ತಿರುಗಿದ. "ನಿಮ್ಮ ವ್ಯಾನಲ್ಲಿ ಸಲಾಕೆ ಇದ್ಯಾ? ಟೈರ್ ಬಿಚ್ಚೋದು?"

ವ್ಯಾನಮ್ಮ ಬೀಗದ ಕೈ ಎಸೆದಳು. "ಹಿಂದಿನ ಸೀಟ್ ಕೆಳಗಿದೆ."

ತಾನು ಮಾಡಿದ ಪೆಟ್ಟಿಗೆಯನ್ನು ತಾನೇ ಒಡೆಯುವುದು ಸುಲಭವಿರಲಿಲ್ಲ. ಗೋಂದು ಪ್ಲೈವುಡ್ಡಿನ ಸಿಪ್ಪೆಯನ್ನೇ ಕಿತ್ತುಕೊಂಡು ಬಂತು, ಮೊಳೆಗಳು ಒಂದೊಂದೂ ಕಿರುಚಿದವು. "ಒಳ್ಳೇ ಗೋಂದು" ಎಂದು ಬೆವರು ಒರೆಸಿಕೊಳ್ಳುತ್ತ ಹೇಳಿದ. ಆ ಹೊತ್ತಿನಲ್ಲೂ ಅಷ್ಟು ಹೇಳದಿರಲು ಅವನಿಂದಾಗಲಿಲ್ಲ. ಹಾಡುಗಾರ ಮೇಲೆ ಕೂತು ಪೆಟ್ಟಿಗೆಯನ್ನು ಅದುಮಿ ಹಿಡಿದ. ಬೆನ್ನಿನ ಹಲಗೆ ಅಡ್ಡಡ್ಡ ಸೀಳಿ ಮೇಲಿನರ್ಧ ಈಚೆ ಬಂತು. ಮೇಸ್ತ್ರಿ ಮೊಣಕೈ ತನಕ ತೋಳು ತೂರಿಸಿ ಸ್ಪಂಜು ಎಳೆಯತೊಡಗಿದ. ಎಳೆದಷ್ಟೂ ಬಂತು. ನೆಲದ ಮೇಲೆ ಒಬ್ಬರು ಮಲಗುವಷ್ಟು ರಾಶಿಯಾದಾಗ ವ್ಯಾನಮ್ಮ, "ಇನ್ನೂ ಇದ್ಯಾ ಅಥ್ವಾ ದಿಂಬೂ ಬರುತ್ತಾ?" ಎಂದಳು. ಕೊನೆಗೆ ಕಾಗದಕ್ಕೆ ಅಂಟಿಕೊಂಡಂತಿದ್ದ ತುಂಡುಗಳನ್ನು ಅವನು ಬೆರಳ ತುದಿಯಲ್ಲಿ ಒಂದೊಂದಾಗಿ ಬಿಡಿಸಿದ. ಮುಂದಿನ ಪಟ್ಟಿಗಳನ್ನೂ ಕಿತ್ತ, ಬಟ್ಟೆಯನ್ನೂ ಹರಿದ, ಅದರ ಹಿಂದಿನ ಸ್ಪಂಜನ್ನೂ ತೆಗೆದ.

"ಈಗ ನುಡಿಸು" ಎಂದ, ಪೆಟ್ಟಿಗೆಯ ಹಿಂದೆ ನೆಲಕ್ಕೇ ಕೂತು.

ತಿರುಪು ಕೊನೆ ಮುಟ್ಟಿದಲ್ಲೇ ಇದ್ದದ್ದನ್ನು ಯಾರೂ ನೆನಪಿಟ್ಟಿರಲಿಲ್ಲ. ಅವಳು ತಂತಿಗಳ ಮೇಲೆ ಒಂದೇ ಒಂದು ಸಲ ಕೈಯಾಡಿಸಿದಳು. ಸಭಾಂಗಣ ತುಂಬಿಹೋಯಿತು. ಕಿಟಕಿಯ ಗಾಜುಗಳು ಝಲ್ಲೆಂದವು, ಪೇರಿಸಿದ ಕುರ್ಚಿಗಳೊಳಗೆ ಎಲ್ಲೋ ಕಬ್ಬಿಣ ಕಣಕಣ ಎಂದಿತು. ಅವಳೇ ಬೆದರಿ ಒಂದು ಹೆಜ್ಜೆ ಹಿಂದೆ ಸರಿದಳು. ಆಮೇಲೆ ತಿರುಪನ್ನು ಅರ್ಧಕ್ಕೆ ತಂದು ಮತ್ತೆ ನುಡಿಸಿದಳು. ಈ ಸಲ ಒಂದೊಂದು ತಂತಿಯೂ ಬೇರೆಬೇರೆಯಾಗಿ, ಹೊಸದಾಗಿ ತೊಳೆದಿಟ್ಟ ಹಾಗೆ ಕೇಳಿಸಿತು.

"ಇದು ಗಿಟಾರ್ ಅಂದ್ರೆ" ಎಂದಳು ವ್ಯಾನಮ್ಮ.

ಪೆಟ್ಟಿಗೆಯ ಹಿಂದೆ, ಸೀಳಿದ ಹಲಗೆಯ ಉಳಿದರ್ಧದಲ್ಲಿ ಒಂದು ಚಕ್ಕೆ ಎದ್ದು ನಾದದ ಜೊತೆ ಝೀ ಎನ್ನುತ್ತಿತ್ತು. ಮೇಸ್ತ್ರಿಯ ಅಂಗೈ ತಾನಾಗಿ ಹೋಗಿ ಅದನ್ನು ಒತ್ತಿ ಹಿಡಿಯಿತು. ಒಳಗಿನ ಗಾಳಿ ಅವನ ಮುಖಕ್ಕೆ ಬಡಿಯುತ್ತಿತ್ತು, ಹಲಗೆ ಕೈಯ ಕೆಳಗೆ ಗುಡುಗುಡು ಎನ್ನುತ್ತಿತ್ತು. ಅವನು ಇನ್ನೊಂದು ಕೈಯನ್ನೂ ತಂದ.

"ಕೈ ತೆಗೀರಿ" ಎಂದಳು ಹೆಂಡತಿ, ತಿರುಗಿ ನೋಡದೆ.

ತೆಗೆದ. ಚಕ್ಕೆ ಝೀ ಎಂದಿತು. ಅವಳು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ, ಹೆಗಲ ಪಟ್ಟಿ ಸರಿಮಾಡಿಕೊಂಡು ವ್ಯಾನಮ್ಮನಿಗೆ ಹೇಳಿದಳು: "ಮೊದಲಿಂದ ಶುರು ಮಾಡೋಣ. ಮೊದಲ ಎರಡು ಸಾಲು ನಾನೊಬ್ಳೇ ನುಡಿಸ್ತೀನಿ. ನೀವು ಆಮೇಲೆ ಬನ್ನಿ."

ಆ ಗುಂಪಿನಲ್ಲಿ ಯಾವ ಹಾಡೂ ಡ್ರಮ್ಮಿಲ್ಲದೆ ಶುರುವಾದದ್ದಿಲ್ಲ. ಹಾಡುಗಾರ ವ್ಯಾನಮ್ಮನ ಮುಖ ನೋಡಿದ. ವ್ಯಾನಮ್ಮ ಕೋಲುಗಳನ್ನು ಎತ್ತಿಕೊಂಡಳು.

ಹೆಂಡತಿ ನುಡಿಸತೊಡಗಿದಳು, ಅವಸರವಿಲ್ಲದೆ. ಮೊದಲ ಸಾಲು ಮುಗಿಯಿತು. ಎರಡನೆಯದರ ನಡುವೆ ಒಂದು ಕಡೆ ಕೈ ತಡೆದು, ತಂತಿಯ ನಾದ ತಾನಾಗಿ ಅಡಗುವ ತನಕ ಬಿಟ್ಟಳು. ವ್ಯಾನಮ್ಮನ ಎರಡು ಕೋಲುಗಳೂ ಗಾಳಿಯಲ್ಲಿ, ಭುಜದೆತ್ತರದಲ್ಲಿ, ಕಾಯುತ್ತ ನಿಂತಿದ್ದವು.