ಕಿರಿಯವಳ ಹುದ್ದೆ

ನನ್ನ ಕೆಲಸ ಮುದ್ದುತನ ಕಲಿಸುವುದು. ನಗಬೇಡಿ, ಕೊರಿಯಾದ ಸಿಯೋಲ್‌ನಲ್ಲಿ ಇದಕ್ಕೂ ಸಂಬಳ ಕೊಡುತ್ತಾರೆ. ಕೆನ್ನೆ ಉಬ್ಬಿಸುವುದು, ತುಟಿ ಮುಂದೆ ಮಾಡಿ ಮುನಿಸಿಕೊಳ್ಳುವುದು, ಎರಡು ಬೆರಳಲ್ಲಿ ಹೃದಯ ಮಾಡಿ ತೋರಿಸುವುದು, ಇವೇ ನನ್ನ ಪಾಠಗಳು. ಹಾಡಲು ಬಾರದವಳನ್ನು ಯಂತ್ರ ಕಾಪಾಡುತ್ತದೆ; ಮುನಿಸಿಕೊಳ್ಳಲು ಬಾರದವಳನ್ನು ದೇವರೂ ಕಾಪಾಡಲಾರ.

ನಮ್ಮ ಸಂಗೀತ ಕಂಪನಿ ಕಟ್ಟಿದ ಹುಡುಗಿಯರ ಹೊಸ ತಂಡದಲ್ಲಿ ನಾಯಕಿ ಇದ್ದಳು, ಚೆಲುವೆ ಇದ್ದಳು, ಕುಣಿಯುವವಳೂ ಇದ್ದಳು. ಜನ ಎತ್ತಿ ಮುದ್ದಾಡುವಂಥ ಕಿರಿಯವಳು ಮಾತ್ರ ಇರಲಿಲ್ಲ. ವಯಸ್ಸಿನಲ್ಲಿ ಚಿಕ್ಕವಳೆಂದರೆ ಹದಿನೇಳರ ಇಸುಲ್. ಆದರೆ ಅವಳು ಎತ್ತರ, ದನಿ ಗಡಸು. ಎಲ್ಲರಿಗಿಂತ ದೊಡ್ಡವಳಾದ ಸೊದಮ್‌ಗೆ ಇಪ್ಪತ್ನಾಲ್ಕಾದರೂ ಮುಖ ಹಾಲುಗಲ್ಲದ್ದು. ಯಜಮಾನ ಪ್ಯೊ ಇಬ್ಬರನ್ನೂ ಅಕ್ಕಪಕ್ಕ ನಿಲ್ಲಿಸಿ ನೋಡಿ, ಸೊದಮ್‌ಗೆ ಇನ್ನು ಮುಂದೆ ಹದಿನಾರು ಎಂದು ತೀರ್ಮಾನಿಸಿಬಿಟ್ಟ. ಹೆತ್ತ ತಾಯಿಗೂ ಇಲ್ಲದ ಅಧಿಕಾರ ಅದು. ಗುಟ್ಟು ಹೊರಬಿದ್ದರೆ ಗಂಟುಮೂಟೆ ಕಟ್ಟಬೇಕು ಎಂದೂ ಹೇಳಿದ. ವೇದಿಕೆಗಾಗಿ ಬಾಲ್ಯವನ್ನೆಲ್ಲ ಸವೆಸಿದ ಸೊದಮ್‌ಗೆ ಇನ್ನೊಂದು ತಂಡ ಸಿಗುವ ಹಾಗಿರಲಿಲ್ಲ. ಅವಳು ಒಪ್ಪಿಕೊಂಡಳು.

ಕಷ್ಟವಾದದ್ದು ಇಸುಲ್‌ಗೆ. ಪುಟ್ಟ ಹುಡುಗಿಯಾಗಿ ಕಂಪನಿಯ ಹಾಸ್ಟೆಲಿಗೆ ಬಂದಾಗ ಅವಳ ತಲೆ ಬಾಚಿದವಳು, ಹುಟ್ಟುಹಬ್ಬಕ್ಕೆ ಕಡಲಪಾಚಿಯ ಸಾರು ಕಾಯಿಸಿ ಕೊಟ್ಟವಳು ಸೊದಮ್. ಅಂಥವಳನ್ನು 'ಪುಟ್ಟಿ' ಎನ್ನಲು ಅವಳಿಗೆ ನಾಲಿಗೆಯೇ ಏಳಲಿಲ್ಲ. ನಾನು ಗದರಿದೆ. ಸೊದಮ್ ಅವಳನ್ನು ಪಕ್ಕಕ್ಕೆ ಎಳೆದುಕೊಂಡಳು.

"ಅನ್ನೇ, ಪರವಾಗಿಲ್ಲ. ನನ್ನ ಬೈತಿದೀನಿ ಅಂದ್ಕೊಂಡು ಅನ್ನು, ಸಲೀಸಾಗಿ ಬರುತ್ತೆ."

ತಂಡ ಜನರ ಮುಂದೆ ಬಂದ ದಿನ ಊಟದ ನೇರ ಪ್ರಸಾರ ಇಟ್ಟಿದ್ದರು. ತೆಳ್ಳಗಾಗಲೆಂದು ಬೇಯಿಸಿದ ಗೆಣಸಿನಲ್ಲೇ ತಿಂಗಳುಗಟ್ಟಲೆ ಜೀವ ಹಿಡಿದಿದ್ದ ಹುಡುಗಿಯರ ಮುಂದೆ ಕಿಮ್ಚಿ ಸಾರು ಕುದಿಯುತ್ತಿತ್ತು. ಆದರೆ ಒಬ್ಬಳೂ ಚಮಚ ಮುಟ್ಟಲಿಲ್ಲ. ಹಿರಿಯರು ಎತ್ತದೆ ಕಿರಿಯರು ಎತ್ತುವುದು ನಮ್ಮಲ್ಲಿಲ್ಲ. ಅದು ಎದೆಹಾಲಿನ ಜೊತೆ ಬಂದದ್ದು. ನಾಲ್ವರ ಕಣ್ಣೂ ತಂಡದ ಮುದ್ದು ಪುಟ್ಟಿಯ ಮೇಲೆ. ಬೇರೆಲ್ಲ ಕಲಿಸಿದ್ದೆ, ಇದು ಹೊಳೆದೇ ಇರಲಿಲ್ಲ.

ಪರದೆಯ ಮೇಲೆ ನೋಡುಗರ ಪ್ರಶ್ನೆಗಳು ಶುರುವಾದವು: ಯಾಕೆ ಯಾರೂ ತಿನ್ನುತ್ತಿಲ್ಲ, ಎಲ್ಲರೂ ಯಾಕೆ ಚಿಕ್ಕವಳನ್ನೇ ನೋಡುತ್ತಿದ್ದಾರೆ? ಪ್ಯೊ ನನ್ನನ್ನು ನುಂಗುವ ಹಾಗೆ ನೋಡಿದ. ಸೊದಮ್ ಚಮಚ ಎತ್ತಿದರೆ ಗುಟ್ಟು ಬಯಲು, ಎತ್ತದಿದ್ದರೆ ಮಕ್ಕಳೆಲ್ಲ ಉಪವಾಸ.

ಸೊದಮ್ ಒಂದು ಗಳಿಗೆ ಸಾರನ್ನೇ ನೋಡಿದಳು. ಆಮೇಲೆ ಕೆನ್ನೆ ಉಬ್ಬಿಸಿ, ಇಸುಲ್ ಕಡೆ ತಿರುಗಿ ಬಾಯಿ ತೆರೆದಳು.

"ಅಕ್ಕಾ, ನಂಗೆ ನೀನೇ ತಿನ್ನಿಸಬೇಕು."

ಇಸುಲ್ ಚಮಚ ತುಂಬಿ ಎತ್ತಿದಳು. ಅರ್ಧ ಸಾರು ಮೇಜಿನ ಮೇಲೆ ಚೆಲ್ಲಿತು. ಉಳಿದದ್ದನ್ನು ಸೊದಮ್ ನುಂಗಿದಳು. ಹಿರಿಯವಳು ಉಂಡದ್ದಾಯಿತು, ಉಳಿದ ಮೂವರೂ ಗಬಗಬನೆ ತಿನ್ನತೊಡಗಿದರು. ಇಸುಲ್ ಮಾತ್ರ ತಲೆ ತಗ್ಗಿಸಿ ಬಿಕ್ಕಿ ಬಿಕ್ಕಿ ಅತ್ತಳು. ಸೊದಮ್‌ಳ ಕೈ ಅಭ್ಯಾಸಬಲದಿಂದ ಅವಳ ತಲೆ ಸವರಲು ಹೋಗಿ, ಅರ್ಧದಲ್ಲೇ ಹಿಂದೆ ಬಂದು, ಕ್ಯಾಮೆರಾಗೆ ಹೃದಯ ಮಾಡಿ ತೋರಿಸಿತು. ನೋಡುಗರು ಕರಗಿ ನೀರಾದರು: ಅಕ್ಕನಿಗೆ ತಂಗಿ ಮೇಲೆ ಎಷ್ಟು ಪ್ರೀತಿ ನೋಡಿ, ಅತ್ತೇಬಿಟ್ಟಳು!

ಪ್ಯೊ ಹಿಗ್ಗಿನಿಂದ ನನ್ನ ಹತ್ತಿರ ಬಂದ.

"ಆ ಅಳೋದು ನೀವೇ ಹೇಳಿಕೊಟ್ಟಿದ್ದಾ, ಟೀಚರ್?"

ಯಾರೂ ಹೇಳಿಕೊಟ್ಟದ್ದಲ್ಲ ಎಂದೆ.

"ಹಾಗಾದ್ರೆ ಕಲಿಸಿ. ನಾಳೆಯಿಂದ ದಿನಾ ಇರಲಿ."